ಲೇಸರ್ ಮೆಷಿನ್ನಿಗೆ ಹೊಸ ಲ್ಯಾಂಪು

ಕಣ್ಣಿಗೆ ಕಾಣದ ಬೆಳಕನ್ನು ನಂಬಿ ಬದುಕುವವನಿಗೆ ನಗೆಪಾಟಲು ತಪ್ಪಿದ್ದಲ್ಲ. ಇಪ್ಪತ್ತು ವರ್ಷದ ಹಿಂದೆ, ಬಿಡದಿಯ ಕಾರ್ಖಾನೆಯೊಂದರಲ್ಲಿ ಉಕ್ಕಿನ ಬಿಲ್ಲೆಗಳ ಮೇಲೆ ಲೇಸರ್‌ನಿಂದ ನಂಬರ್ ಕೊರೆಯುತ್ತಿದ್ದೆ. ಅದನ್ನು ಭೂತಗನ್ನಡಿಯಲ್ಲಿ ನೋಡಿ, ಮೊಹರು ಒತ್ತಿ ಪಾಸು ಮಾಡುತ್ತಿದ್ದವರು ಚನ್ನಪಟ್ಟಣದ ಹುಡುಗಿ. ಅವರಿಗೆ ರೈಲು, ಮಾಗಡಿಯವನಾದ ನನಗೆ ಬಸ್ಸು. ಆದರೂ ದಿನಾ ಸಂಜೆ ಅವರ ರೈಲು ಹೊರಡುವ ತನಕ ಸ್ಟೇಷನ್ನಿನಲ್ಲಿ ನಿಂತಿದ್ದು, ಆಮೇಲೆ ಬಸ್ಸಿಗೆ ಓಡುತ್ತಿದ್ದೆ.

೧. ಚಿಕ್ಕಪ್ಪ ಬಂದದ್ದು

ಚಿಕ್ಕಪ್ಪ ಒಮ್ಮೆ ನನ್ನ ಕೆಲಸ ನೋಡಲು ಬಂದರು. ಕನ್ನಡಕ ಹಾಕಿಸಿ ಮೆಷಿನ್ನು ಶುರು ಮಾಡಿದೆ.

"ಬೆಳಕೆಲ್ಲೈತ್ಲಾ?"

"ಅದು ಕಣ್ಣಿಗೆ ಕಾಣಕಿಲ್ಲ ಚಿಕ್ಕಪ್ಪ."

"ಊರಲ್ಲಿ ಹಿಂಗೆ ಹೇಳಬ್ಯಾಡ. ಯಾರೂ ಹೆಣ್ಣು ಕೊಡಕಿಲ್ಲ."

ಭೂತಗನ್ನಡಿಯ ಹಿಂದೆ ಚನ್ನಪಟ್ಟಣದ ಹುಡುಗಿ ನಕ್ಕರು. ಆ ನಗು ಇನ್ನೊಮ್ಮೆ ಕೇಳುವ ಆಸೆಗೆ ಚಿಕ್ಕಪ್ಪನನ್ನು ಮೂರು ಸಲ ಕರೆದೆ. ಅವರು ಬರಲಿಲ್ಲ.

೨. ಊಟದ ಹೊತ್ತಿನ ಪಾಠ

"ಮೆಷಿನ್ ಒಳಗೆ ಏನು ನಡೀತೈತೆ?" ಎಂದು ಆ ಹುಡುಗಿಯೇ ಒಂದು ದಿನ ಕೇಳಿದರು.

"ಒಂದು ಹರಳಿನ ಕಡ್ಡಿ ಐತೆ. ಲ್ಯಾಂಪಿನ ಬೆಳಕು ಕುಡಿದು ಅದರ ಪರಮಾಣುಗಳು ಒಂದು ಮೆಟ್ಟಿಲು ಮೇಲೇರಿ ಕಾಯ್ಕಂಡು ಕುಂತಿರ್ತವೆ. ಒಂದು ಕೆಳಕ್ಕಿಳಿದು ಬೆಳಕು ಬುಟ್ರೆ, ಅದು ತಾಗಿದವೂ ಇಳಿದು ಅದೇ ಥರದ ಬೆಳಕು ಬುಡ್ತವೆ. ಎರಡು ತುದೀಲೂ ಕನ್ನಡಿ. ನಡುವೆ ಓಡಾಡಿ ಬೆಳಕು ಬಲೀತೈತೆ. ಒಂದು ಕನ್ನಡಿ ಒಸಿ ಹೊರಗೆ ಬುಡ್ತೈತೆ. ಅದೇ ಲೇಸರ್."

"ಮೊದಲ್ನೇದು ಯಾಕೆ ಇಳಿತೈತೆ?"

"ತಾನಾಗೇ. ಯಾರೂ ಹೇಳಬೇಕಿಲ್ಲ."

"ಅದಕ್ಕಾದ್ರೂ ಧೈರ್ಯ ಐತಲ್ಲ," ಎಂದು ನನ್ನನ್ನೇ ನೋಡಿದರು.

ನಾನು ಕನ್ನಡಿಯ ವಿಷಯ ಇನ್ನೊಮ್ಮೆ ವಿವರಿಸಿದೆ.

೩. ಪಾಸು

ಆರು ತಿಂಗಳಾದ ಮೇಲೆ ಒಂದು ಬಿಲ್ಲೆಯ ಮೇಲೆ "ನನ್ನ ಮದುವೆಯಾಗ್ತೀರಾ?" ಎಂದು ಕೊರೆದು, ಉಳಿದವುಗಳ ಜೊತೆ ಅವರ ಮೇಜಿಗೆ ಕಳಿಸಿದೆ. ಲ್ಯಾಂಪು ಹಳತಾಗಿ ಬೆಳಕು ಕುಗ್ಗಿತ್ತು. ಬಿಲ್ಲೆ ಚೀಟಿಯೊಂದಿಗೆ ವಾಪಸ್ಸು ಬಂತು: "ಅಕ್ಷರ ಮಸುಕು. ಲ್ಯಾಂಪು ಬದಲಿಸಿ, ಮತ್ತೆ ಬರೆಯಿರಿ."

ಅವರು ಓದಿದ್ದರೋ ಇಲ್ಲವೋ, ಇವತ್ತಿಗೂ ಗೊತ್ತಿಲ್ಲ. ಹೊಸ ಲ್ಯಾಂಪು ಬರಲು ಎರಡು ತಿಂಗಳು ಹಿಡಿಯಿತು. ಕೂರಿಸಿದ ದಿನವೇ ಅವರು ಒಂದು ಸ್ಟೀಲ್ ತಟ್ಟೆ ಹಿಡಿದು ಬಂದರು.

"ನಮ್ಮಿಬ್ಬರ ಹೆಸರು ಕೊರೆದುಕೊಡಿ."

ಅವರ ಹೆಸರು ಟೈಪ್ ಮಾಡಿದೆ. ಪಕ್ಕದಲ್ಲಿ ನನ್ನದು.

"ಅದಲ್ಲ," ಎಂದು ಮೆಲ್ಲಗೆ ಹೇಳಿ, ಮದುವೆ ಪತ್ರಿಕೆ ತೆಗೆದು ವರನ ಹೆಸರು ತೋರಿಸಿದರು.

ನನ್ನದನ್ನು ಅಳಿಸಿ ಅದನ್ನು ಕೊರೆದೆ. ಅವರು ತಟ್ಟೆಯನ್ನು ಭೂತಗನ್ನಡಿಯ ಕೆಳಗಿಟ್ಟು ಬಹಳ ಹೊತ್ತು ನೋಡಿದರು. ಆಮೇಲೆ ಅಭ್ಯಾಸಬಲದಿಂದ, ವರನ ಹೆಸರಿನ ಮೇಲೇ ಪಾಸ್ ಮೊಹರು ಒತ್ತಿಬಿಟ್ಟರು.