ಹದಿನೇಳು ಸಾಲಿನ ‘ತುಸು ತಾಳು’

— ಒಂದೇ ಒಂದು ಗುಂಡಿ, ಎಲ್ಡನ್! ‘ಒಪ್ಪಿಗೆ’ ಅಂತಿದೆಯಲ್ಲ, ಅದನ್ನ ಒತ್ತಿಬಿಡಿ. ನಿಮ್ಮ ಕಿಡ್ನಿಯೇನೂ ಕೇಳ್ತಿಲ್ಲ ನಾನು.

— ಕಿಡ್ನಿ ಆಗಿದ್ರೆ ಯೋಚನೆ ಮಾಡ್ತಿದ್ದೆ ತಾಯಿ, ಅದು ಎರಡಿದೆ. ಇದಿರೋದು ಒಂದೇ.

ಸಿಯಾಟಲ್‌ನ ಆ ಕ್ಲೌಡ್ ಕಂಪನಿಯಲ್ಲಿ ಎಲ್ಡನ್ ಹಾಲ್ವರ್ಸನ್‌ಗೆ ಇಪ್ಪತ್ತೆರಡು ವರ್ಷ ಸರ್ವಿಸು. ಗಿರಾಕಿಗಳ ಪ್ರೋಗ್ರಾಮುಗಳು ಕಂಪನಿಯ ಸರ್ವರಿನೊಡನೆ ಮಾತಾಡಲೆಂದು ಕೊಡುವ ಕೋಡಿನ ಕಿಟ್ಟಿನಲ್ಲಿ ‘ಸಹಾಯಕರು’ ಎಂಬ ಫೋಲ್ಡರಿತ್ತು. ಅದರಲ್ಲಿ ನಾನೂರ ಹದಿಮೂರು ಚಿಲ್ಲರೆ ಕೋಡುಗಳು. ಒಳಗೇನಿದೆಯೆಂದು ಎಣಿಸಲು ಹೊಕ್ಕ ಆಡಿಟರೊಬ್ಬ ಮೂರು ವರ್ಷದ ಮೇಲೆ ಹೊಕ್ಕುಳುದ್ದ ಗಡ್ಡ ಬಿಟ್ಟುಕೊಂಡು ಹೊರಬಂದಿದ್ದ. ಆ ನಾನೂರ ಹದಿಮೂರರಲ್ಲಿ ಎಲ್ಡನ್ ಬರೆದದ್ದೆಂದು ಉಳಿದಿದ್ದುದು ಒಂದೇ: ಹದಿನೇಳು ಸಾಲಿನ ‘ತುಸು ತಾಳು’. ನಾಲ್ಕು ಗಂಟೆಗೆ ಹೊರಡಲಿದ್ದ ಹೊಸ ಆವೃತ್ತಿಯಿಂದ ಅದನ್ನೂ ಕಿತ್ತೊಗೆಯಲು ಹೊಸ ಮ್ಯಾನೇಜರ್ ರೋವೀನಾ ಪೆಟ್ಟಿಗ್ರೂ ಪಟ್ಟು ಹಿಡಿದಿದ್ದಳು. ಇನ್ನೊಬ್ಬರು ಒಪ್ಪದೆ ಅಲ್ಲಿ ಒಂದು ಅಲ್ಪವಿರಾಮವನ್ನೂ ಅಳಿಸುವಂತಿಲ್ಲ. ಆ ಫೋಲ್ಡರಿಗೆ ಒಪ್ಪಬೇಕಾದವನು ಎಲ್ಡನ್.

— ಅದು ಮಾಡೋ ಘನಕಾರ್ಯ ಆದ್ರೂ ಏನು?

— ಸರ್ವರು ‘ಈಗ ಪುರುಸೊತ್ತಿಲ್ಲ’ ಅಂದ್ರೆ, ತುಸು ತಾಳಿ ಮತ್ತೆ ಕೇಳುತ್ತೆ.

— ತುಸು ಅಂದ್ರೆ ಎಷ್ಟು?

— ಒಂದ್ಸಲ ಒಂದು ಸೆಕೆಂಡು, ಒಂದ್ಸಲ ಏಳು. ಅದಕ್ಕೆ ತೋಚಿದಷ್ಟು.

— ತೋಚಿದಷ್ಟು! ನಾವು ನಡೆಸ್ತಿರೋದು ಕಂಪನೀನೋ, ಜೂಜಿನ ಅಡ್ಡೇನೋ?

— ಅಲ್ಲಮ್ಮಾ, ಲಕ್ಷ ಜನ ಒಟ್ಟಿಗೆ ಬಾಗಿಲು ಬಡಿದಿದ್ದಕ್ಕೇ ಸರ್ವರು ಸುಸ್ತಾಗಿರೋದು. ಅಷ್ಟೂ ಜನಕ್ಕೆ ‘ಎರಡು ಸೆಕೆಂಡು ಬಿಟ್ಟು ಬನ್ನಿ’ ಅಂದ್ರೆ, ಎರಡು ಸೆಕೆಂಡಿಗೆ ಅಷ್ಟೂ ಜನ ಮತ್ತೆ ಬಾಗಿಲಲ್ಲೇ! ಅದಕ್ಕೇ ಒಬ್ಬೊಬ್ಬರಿಗೆ ಒಂದೊಂದು ಹೊತ್ತು.

— ಬೆಳಿಗ್ಗೆ ನಾನು ಸೇರಿಸಿದ್ದು ನೋಡಿ. ಒಂದೇ ಸಾಲು. ಎಲ್ಲರಿಗೂ ಎರಡೇ ಸೆಕೆಂಡು. ಶಿಸ್ತು ಅಂದ್ರೆ ಇದು!

— ಶಿಸ್ತು ಶವಯಾತ್ರೇಲೂ ಇರುತ್ತೆ.

— ಒಂದಾದ್ರೂ ಕಿತ್ತು ತೋರಿಸ್ತೀನಿ ಅಂತ ಮೇಲಿನವರಿಗೆ ಮಾತು ಕೊಟ್ಟಿದೀನಿ, ಎಲ್ಡನ್!

ಆಗಲೇ ಆ ಅಂತಸ್ತಿನ ಮುನ್ನೂರು ಪರದೆಗಳ ಮೇಲೂ ಏಕಕಾಲಕ್ಕೆ ಸಂದೇಶ ಮೂಡಿತು: ‘ಅಡುಗೆಮನೆಗೆ ಡೋನಟ್ ಬಂದಿದೆ.’ ರೋವೀನಾ ಮಾತನ್ನು ಅರ್ಧಕ್ಕೇ ಬಿಟ್ಟು ಓಡಿದಳು. ಬರಿಗೈಯಲ್ಲಿ ಹಿಂದಿರುಗಿದಳು.

— ಖಾಲಿಯಾ?

— ಮುಟ್ಟಿದವರೇ ಇಲ್ಲ! ಬಾಗಿಲಲ್ಲಿ ಮುನ್ನೂರು ಜನ ಸಿಕ್ಕಿಹಾಕ್ಕೊಂಡಿದಾರೆ, ಇರುವೆ ನುಸುಳೋಕೂ ಜಾಗ ಇಲ್ಲ. ಅಡುಗೆಮನೆ ನೋಡ್ಕೊಳ್ಳೋ ಅಡೆಲ್ ಎಲ್ಲರನ್ನೂ ಗದರಿ, ಸರಿಯಾಗಿ ಐದು ನಿಮಿಷ ಬಿಟ್ಟು ಬನ್ನಿ ಅಂದ್ಲು.

ಎಲ್ಡನ್‌ನ ಮೀಸೆ ಒಂದಿಷ್ಟು ಅಲುಗಿತು.

ಸರಿಯಾಗಿ ಐದು ನಿಮಿಷಕ್ಕೆ ರೋವೀನಾ ಮತ್ತೆ ಓಡಿದಳು. ಈ ಸಲ ಬಂದಾಗ ತೋಳಿಗೆ ಯಾರದೋ ಕಾಫಿ, ಎಡಗಾಲಿಗೆ ಯಾರದೋ ಷೂ.

— ಎಲ್ಲರೂ ಒಟ್ಟಿಗೇ ಬಂದಿದ್ರು, ಬುದ್ಧಿಗೇಡಿಗಳು! ಮತ್ತೆ ಐದು ನಿಮಿಷ ಅಂತೆ!

— ಬುದ್ಧಿಗೇಡಿಗಳಲ್ಲ. ಶಿಸ್ತಿನವರು.

ಎಲ್ಡನ್ ಮೇಜಿನ ಖಾನೆಯಿಂದ ದಾಳವೊಂದನ್ನು ತೆಗೆದು ಉರುಳಿಸಿದ. ಎರಡು ಬಿತ್ತು. ಎರಡು ನಿಮಿಷ ಕಿಟಕಿಯಾಚೆ ಕೊಲ್ಲಿ ದಾಟುವ ಫೆರಿಯನ್ನು ನೋಡುತ್ತ ಕುಳಿತು, ಮೊಣಕಾಲು ಸವರಿಕೊಳ್ಳುತ್ತ ಎದ್ದು ಹೋದ. ಮುನ್ನೂರು ಜನ ತಂತಮ್ಮ ಕುರ್ಚಿಯ ತುದಿಯಲ್ಲಿ ಕೂತು ಗಡಿಯಾರವನ್ನು ದುರುಗುಟ್ಟಿ ನೋಡುತ್ತಿದ್ದರು. ಅಡುಗೆಮನೆ ಬಿಕೋ ಎನ್ನುತ್ತಿತ್ತು. ಮೇಪಲ್ ಪಾಕ ಸುರಿಯುವ ಎರಡು ಡೋನಟ್‌ಗಳನ್ನು ಕಾಗದದ ಮೇಲಿಟ್ಟುಕೊಂಡು, ಅಡೆಲ್‌ಳ ಮೊಮ್ಮಗಳ ಯೋಗಕ್ಷೇಮವನ್ನೂ ಕೇಳಿಕೊಂಡು ಅವನು ಮರಳಿದ.

— ಇದೇ ಸರಿಯಾದ ಹೊತ್ತು ಅಂತ ನಿಮಗೆ ಹೇಗ್ರೀ ಗೊತ್ತಾಯ್ತು?

— ನನಗೆಲ್ಲಿ ಗೊತ್ತಿತ್ತು? ಗೊತ್ತಿಲ್ಲದೆ ಹೋಗೋದು ಹೇಗೆ ಅಂತಲೇ ಹದಿನೇಳು ಸಾಲು ಬರೆದಿರೋದು.

ರೋವೀನಾ ಒಂದು ಡೋನಟ್ ಮುಗಿಸಿದಳು. ಬೆರಳು ನೆಕ್ಕಿಕೊಂಡಳು. ನಾಲ್ಕಕ್ಕೆ ಹತ್ತು ನಿಮಿಷವಿತ್ತು. ‘ತುಸು ತಾಳು’ವಿನ ಮೇಲೆ ಎಳೆದಿದ್ದ ಕೆಂಪು ಗೆರೆಯನ್ನು ಅವಳೇ ಅಳಿಸಿದಳು. ಎಲ್ಡನ್ ಬೆಳಗಿನಿಂದ ಹಿಡಿದಿಟ್ಟಿದ್ದ ಉಸಿರು ಬಿಟ್ಟ. ಪಕ್ಕದ ಮೇಜಿನ ಕಾಗದಗಳು ಹಾರಿಹೋದವು.

— ಆಯ್ತು, ಇದು ಇರಲಿ. ಆದ್ರೆ ಮೇಲಿನವರಿಗೆ ಏನು ಕಿತ್ತೆ ಅಂತ ತೋರಿಸ್ಲಿ?

— ನಿಮ್ಮ ಆ ಒಂದು ಸಾಲಿದೆಯಲ್ಲ, ಅದನ್ನ ಕೀಳಿ. ಒಪ್ಪಿಗೆ ಆಗಲೇ ಒತ್ತಿಯಾಯ್ತು. ಅದಕ್ಕೆ ಮಾತ್ರ ನಾನು ಒಂದು ಸೆಕೆಂಡೂ ತಾಳೋನಲ್ಲ!