ಉತ್ತರ ಹೇಳಿಕೊಡಬಾರದು

ನಮ್ಮ ಮನೆಯ ಸಾಲಿಗೆ, ಎಂದರೆ ಮನೆಯೊಳಗಿನ ಶಾಲೆಗೆ, ಇದ್ದದ್ದು ಒಂದೇ ನಿಯಮ: ಮಕ್ಕಳಿಗೆ ಕೇಳಿದ ಪ್ರಶ್ನೆಗೆ ಬೇರೆ ಯಾರೂ ಉತ್ತರ ಹೇಳಿಕೊಡಬಾರದು. ಇಷ್ಟು ಸರಳವಾದ ನಿಯಮವನ್ನು ಇಷ್ಟು ಮಂದಿ ಇಷ್ಟು ಬಗೆಯಿಂದ ಮುರಿಯಬಲ್ಲರು ಎಂದು ನಾನು ತಿಳಿದಿರಲಿಲ್ಲ. ವಾರಕ್ಕೊಬ್ಬರಂತೂ ತಪ್ಪದೆ ಮುರಿಯುತ್ತಿದ್ದರು.

ಎಪ್ಪತ್ತರ ದಶಕದ ಕೊನೆಯ ಮಾತು. ನಾವಾಗ ಇಳಕಲ್ಲಿನಲ್ಲಿದ್ದೆವು. ನಾನು ಕೆಂಪು ಕಲ್ಲಿನ ಖಣಿಯೊಂದರಲ್ಲಿ ಮ್ಯಾನೇಜರ್. ಓದಿದ್ದು ಧಾರವಾಡದಲ್ಲಿ, ಇಂಗ್ಲಿಷ್ ಮೀಡಿಯಮ್ಮಿನಲ್ಲಿ. ಅಲ್ಲಿ ಪಕ್ಕದವನಿಗೆ ಉತ್ತರ ಪಿಸುಗುಟ್ಟಿದರೆ ಇಬ್ಬರಿಗೂ ಬೆತ್ತ ಬೀಳುತ್ತಿತ್ತು. ನನ್ನ ಮಗನೋ, ಊರ ಸಾಲಿಗೆ ಎರಡು ವರ್ಷ ಹೋಗಿ ಬಂದವನು, ಹದಿನೇಳರ ಮಗ್ಗಿಯನ್ನು ಸೊಗಸಾಗಿ ರಾಗ ಎಳೆದು ಹಾಡುತ್ತಿದ್ದ. ಹದಿನೇಳ ನಾಲ್ಕಲೆ ಎಷ್ಟು ಎಂದರೆ ಮಾತ್ರ ಮೊದಲಿನಿಂದ ಹಾಡಬೇಕು. ಐವತ್ತು ಮಂದಿ ಕೂಡಿ ಒದರುವಾಗ ಯಾರಿಗೆ ಬಂದಿದೆ, ಯಾರಿಗಿಲ್ಲ ಎಂದು ತಿಳಿಯುವುದು ಹೇಗೆ? ಮಗನನ್ನೂ ಅವನ ಅಕ್ಕನನ್ನೂ ಸಾಲಿ ಬಿಡಿಸಿದೆ. ಮುಂಜಾನೆ ನಾನು ಖಣಿಗೆ ಹೋಗುವ ಮೊದಲು ಪಡಸಾಲೆಯಲ್ಲಿ ಪಾಠ.

ಓಣಿಯವರು ನಕ್ಕರು. ನನ್ನ ತಂಗಿ ಇದ್ದದ್ದು ಬಾಗಲಕೋಟೆಯಲ್ಲಿ; ಮಗಳು ಮುಂದೆ ಅವಳ ಮನೆಯಲ್ಲಿದ್ದು ಓದಲಿ ಎಂದಿದ್ದೆ. ಅಲ್ಲಿಯ ಹೈಸ್ಕೂಲಿನ ಹೆಡ್‌ಮಾಸ್ತರರು ತಂಗಿಯ ಮನೆಗೆ ಬಂದಾಗ ಒಂದು ಮಾತು ಕೊಟ್ಟಿದ್ದರು: "ಮುಂದಿನ ಜೂನದಾಗ ಹುಡುಗೀನ ಕರಕೊಂಡ ಬರ್ರಿ. ನಾನ ಪರೀಕ್ಷಾ ತಗೋತೇನಿ. ಉತ್ತರ ಬಂದ್ರ ಎಂಟನೇ ಇಯತ್ತೆ. ಬರಲಿಲ್ಲಂದ್ರ ಊರ ಸಾಲ್ಯಾಗ ಎರಡು ಇಯತ್ತೆ ಹಿಂದ ಕೂಡಬೇಕಾಗ್ತೈತಿ." ಮಗಳು ಬಾಗಿಲ ಸಂದಿಯಲ್ಲಿ ನಿಂತು ಇದನ್ನು ಕೇಳಿಸಿಕೊಂಡಿದ್ದಳು.

ದೇವರ ಕೂಡ ಮಾತು

ನಿಯಮ ಮೊದಲು ಮುರಿದವಳು ನಮ್ಮವ್ವ. ಪಾಠದ ಹೊತ್ತಿಗೆ ಸರಿಯಾಗಿ ಮೊರ ತುಂಬ ಅಕ್ಕಿ ಹಾಕಿಕೊಂಡು ಕಂಬಕ್ಕೆ ಒರಗಿ ಆರಿಸುತ್ತ ಕೂಡುತ್ತಿದ್ದಳು. ಆ ವಾರ ಭೂಗೋಳ. ಬಾದಾಮಿ ಸೀಮೆಯಲ್ಲಿ ಹರಿಯುವ ಹೊಳೆ ಯಾವುದು ಎಂದು ಮಗನನ್ನು ಕೇಳಿದೆ. ಅವನು ತೊಲೆ ನೋಡಿದ, ಜಂತಿ ನೋಡಿದ. ಹೊಳೆ ಅಲ್ಲೆಲ್ಲೂ ಇರಲಿಲ್ಲ.

ಅವ್ವ ಅಕ್ಕಿಯಿಂದ ಕಣ್ಣೆತ್ತದೆ ನಿಟ್ಟುಸಿರು ಬಿಟ್ಟಳು. "ಯಪ್ಪಾ ದೇವರ, ಶಿವಯೋಗ ಮಂದಿರಕ್ಕ ಹೋಗಿ ಎಷ್ಟ ವರ್ಷಾತು! ಆ ಮಲಪ್ರಭಾ ನೀರಾಗ ಒಂದ ಮುಳುಗು ಹಾಕಿದ್ರ ಜೀವ ತಂಪಕ್ಕೈತಿ."

"ಮಲಪ್ರಭಾ!" ಎಂದ ಮಗ.

"ಅವ್ವಾ, ಪಾಠ ನಡೆದೈತಿ."

"ನಡೀಲಿ ಬಿಡಪಾ. ನಾ ದೇವರ ಕೂಡ ಮಾತಾಡಾಕತ್ತೇನಿ. ದೇವರಿಗೂ ನಿನ್ನ ರೂಲ್ ಹಚ್ಚತೀಯೇನು?"

ನಾನು ಅವ್ವನನ್ನು ಅಡುಗೆಮನೆಯ ಕಡೆಗೆ ಕೂಡಿಸಿದೆ. ಮರುದಿನ ಘಟಪ್ರಭೆಯ ಪ್ರಶ್ನೆ ಬಂದಾಗ ಅವಳ ಭಕ್ತಿ ಅಡುಗೆಮನೆಯಿಂದ ಇನ್ನೂ ಜೋರಾಗಿ ಕೇಳಿಬಂತು.

ಹಿಟ್ಟಿನ ಡಬ್ಬಿ

ನನ್ನ ಹೆಂಡತಿ ಒಂದು ಉತ್ತರವನ್ನೂ ನನ್ನ ಕಿವಿಗೆ ಬೀಳುವಂತೆ ಹೇಳಿದವಳಲ್ಲ. ಮಕ್ಕಳು ತಡವರಿಸಿದರೆ ಸಾಕು, "ಏನ್ರಿ, ಹಿಟ್ಟಿನ ಡಬ್ಬಿ ಇಳಿಸಿಕೊಡ ಬರ್ರಿ" ಎಂದು ಒಳಗಿನಿಂದ ಕೂಗುತ್ತಿದ್ದಳು. ನಾನು ಎದ್ದು ಹೋಗಿ, ಮೇಲಿನ ಹಲಗೆಯಿಂದ ಜೋಳದ ಹಿಟ್ಟಿನ ಡಬ್ಬಿ ಇಳಿಸಿ, ಕೈ ಜಾಡಿಸಿ ಬರುವಷ್ಟರಲ್ಲಿ ಮಕ್ಕಳಿಗೆ ಉತ್ತರ ಬಂದುಬಿಟ್ಟಿರುತ್ತಿತ್ತು. ಅಷ್ಟರಲ್ಲಿ ಅವಳು ಹಿತ್ತಲ ಬಾಗಿಲಿಂದ ಸುತ್ತಿ ಪಡಸಾಲೆಗೆ ಹೋಗಿ ಬರುತ್ತಿದ್ದಳು ಎಂದು ತಿಳಿಯಲು ನನಗೆ ಒಂದು ಚಳಿಗಾಲ ಹಿಡಿಯಿತು.

ಒಂದು ದಿನ ಒಂದೇ ಮುಂಜಾನೆ ಅದೇ ಡಬ್ಬಿಯನ್ನು ಮೂರನೇ ಸಲ ಇಳಿಸುತ್ತಿದ್ದಾಗ ಕೇಳಿದೆ: "ಇದನ್ನ ಮ್ಯಾಲ ಇಡೋರು ಯಾರು?"

"ನಾನ ಇಡತೇನಿ."

"ಇಡಾಕ ನಿಲುಕತೈತಿ, ಇಳಸಾಕ ನಿಲುಕಂಗಿಲ್ಲೇನು?"

"ಇಡೂದ ನನ್ನ ಕೆಲಸರಿ" ಎಂದಳು, ರೊಟ್ಟಿ ಬಡಿಯುತ್ತ. "ಇಳಸೂದ ನಿಮ್ಮದು. ಮಾಸ್ತರ್ ಎತ್ತರಕ್ಕ ಇರಬೇಕಂತ ನೀವ ಅಂತೀರಲಾ."

ಅಮಾಸಿ ದಿನ

ನಮ್ಮ ಪಡಸಾಲೆಗೂ ಪಕ್ಕದ ನೇಕಾರನ ಮಗ್ಗದ ಮನೆಗೂ ನಡುವೆ ಒಂದೇ ಗೋಡೆ. ಮುಂಜಾನೆಯಿಂದ ಲಟಕ್ ಪಟಕ್ ನಡೆದೇ ಇರುತ್ತಿತ್ತು. ಮಗ ಭಾಗಾಕಾರದಲ್ಲಿ ದಿನದಿನಕ್ಕೆ ಸುಧಾರಿಸುತ್ತಿದ್ದ. ನನಗೆ ಒಳಗೊಳಗೇ ಹೆಮ್ಮೆ. ಒಂದೇ ಒಂದು ವಿಚಿತ್ರವಿತ್ತು: ಅಮಾವಾಸ್ಯೆಗೆ ಅವನಿಗೆ ಗಣಿತ ಬರುತ್ತಿರಲಿಲ್ಲ.

"ಅಮಾಸಿಗೆ ಕೂಸಿನ ತಲಿ ಮಂಕ ಇರತೈತಿ" ಎಂದಳು ಅವ್ವ. ನಾನು ಅಂಥದ್ದನ್ನೆಲ್ಲ ನಂಬುವವನಲ್ಲ. ಅಮಾವಾಸ್ಯೆಗೆ ಇನ್ನೇನು ನಿಲ್ಲುತ್ತದೆ ಎಂದು ಯೋಚಿಸಿದೆ. ನೇಕಾರರ ಮಗ್ಗ ನಿಲ್ಲುತ್ತದೆ.

ಮರುದಿನ ಗೋಡೆಗೆ ಕಿವಿಗೊಟ್ಟು ಕೇಳಿದೆ: "ಐವತ್ತಾರಕ್ಕ ಎಂಟರಿಂದ ಭಾಗಿಸಿದ್ರ?" ಮಗ್ಗ ಥಟ್ಟನೆ ನಿಂತಿತು. ಆಮೇಲೆ ಒಂದು, ಎರಡು, ಮೂರು ಎಂದು ಬಿಡಿಬಿಡಿಯಾಗಿ ಏಳು ಏಟು. ಮತ್ತೆ ಮೌನ. "ಏಳು!" ಎಂದ ಮಗ.

ನಾನು ಮಗಳ ಕಡೆಗೆ ತಿರುಗಿದೆ. "ನೀನೂ ಇದನ್ನ ಎಣಿಸೇ ಹೇಳತಿದ್ದೆಯೇನು?"

"ಇಲ್ರಿ ಅಪ್ಪಾಜಿ. ಕಾಕಾ ಬಡಿಯೂಕಿಂತ ಮೊದಲ ನನಗ ಬಂದಿರತಿತ್ತು."

"ಅದಕ್ಕ ಸಾಕ್ಷಿ?"

ಸಾಕ್ಷಿ ಎಲ್ಲಿಂದ ತಂದಾಳು?

ನೇಕಾರನ ಮನೆಗೆ ಹೋಗಿ ನಿಯಮವನ್ನು ವಿವರಿಸಿದೆ. ಅವನು ಮಗ್ಗದ ಕುಣಿಯಲ್ಲಿ ಕಾಲು ಬಿಟ್ಟು ಕುಳಿತೇ ಕೈ ಮುಗಿದ. "ಸಾಹೇಬ್ರ, ನಾ ಬಾಯಿ ಬಿಟ್ಟಿಲ್ರಿ. ಆ ಹುಡುಗ ಒದ್ದಾಡೂದ ಕೇಳಿದ್ರ ನನ್ನ ಎಳಿ ಹರೀತಾವು, ಏನ ಮಾಡ್ಲಿ? ನಂದೂ ಒಂದ ಅರಜಿ ಐತ್ರಿ. ಭಾಗಾಕಾರ ಎಷ್ಟರ ಕೇಳ್ರಿ, ಗುಣಾಕಾರ ಬ್ಯಾಡ್ರಿ. ಮೊನ್ನಿ ಒಂಬತ್ತ ಎಂಟಲೆ ಕೇಳಿದ್ರಿ. ಎಪ್ಪತ್ತೆರಡು ಬಡಿಯೂದ್ರಾಗ ನನ್ನ ರಟ್ಟಿ ಬಿದ್ದ ಹೋದೂರಿ!"

ಎಂಟು ಗಂಟೆಯ ಬಸ್ಸು

ಗೋಡೆಯಿಲ್ಲದ ಕಡೆ ಪಾಠ ಮಾಡೋಣವೆಂದು ಮಕ್ಕಳನ್ನು ಬಾದಾಮಿಗೆ ಕರೆದುಕೊಂಡು ಹೊರಟೆ. ಬಸ್ಸಿನಲ್ಲಿ ಹೊತ್ತು ಹಾಳಾಗಬಾರದಲ್ಲ, ಮಗನನ್ನು ಕೇಳಿದೆ: "ಒಂದು ಬಸ್ಸು ಇಳಕಲ್ಲನ್ನು ಎಂಟು ಗಂಟೆಗೆ ಬಿಡುತ್ತದೆ, ಹುನಗುಂದವನ್ನು ಎಂಟೂವರೆಗೆ ಮುಟ್ಟುತ್ತದೆ. ನಡುವಿನ ಹಾದಿ ಹದಿನೈದು ಕಿಲೋಮೀಟರ್ ಎಂದು ಹಿಡಿ. ವೇಗ ಎಷ್ಟು?"

"ಎಂಟಕ್ಕ ಯಾವ ಬಸ್ಸ ಬಿಡತೈತ್ರಿ?" ಎಂದರು ಹಿಂದಿನ ಸೀಟಿನಲ್ಲಿದ್ದ, ತಲೆಗೆ ಪಟಗ ಸುತ್ತಿದ ಹಿರಿಯರು. "ನಾ ಏಳರಿಂದ ನಿಂತೇನಿ, ಇದ ಬಿಟ್ಟಾಗ ಎಂಟೂವರಿ."

"ಎಂಟೂ ಇಪ್ಪತ್ತ್ರಿ" ಎಂದ ಕಂಡಕ್ಟರ್, ಮಾನಕ್ಕೆ ಬಿದ್ದವನಂತೆ.

"ಇದು ಲೆಕ್ಕದ ಬಸ್ಸು" ಎಂದೆ ನಾನು.

"ಯಾವ ಡೀಪೋದ್ದು?" ಎಂದಿತು ಇನ್ನೊಂದು ದನಿ.

ಅಲ್ಲಿಂದ ಬಸ್ಸು ಎರಡು ಪಕ್ಷವಾಯಿತು. ಹಾದಿ ಹದಿನೈದಲ್ಲ, ಕಡಿಮೆ ಎಂದರು ಕೆಲವರು. ಹಳ್ಳಕ್ಕೆ ನೀರು ಬಂದರೆ ಲೆಕ್ಕ ಬೇರೆ ಎಂದರು ಕೆಲವರು. ಮಕ್ಕಳು ಇಷ್ಟು ಲೆಕ್ಕ ಹೊರಬಾರದು ಎಂದು ಒಬ್ಬ ಮುದುಕಿ ಚೀಲದಿಂದ ಕರದಂಟು ತೆಗೆದು ಇಬ್ಬರ ಕೈಗೂ ಕೊಟ್ಟಳು. ಹತ್ತಾರು ಬಾಯಿ ಒಮ್ಮೆಲೇ "ಮೂವತ್ತು, ಮೂವತ್ತು!" ಎಂದು ಕೂಗಿದಾಗ ಡ್ರೈವರ್ ಬಸ್ಸನ್ನು ಬದಿಗೆ ನಿಲ್ಲಿಸಿ, ಹಿಂದಕ್ಕೆ ತಿರುಗಿ ಹೇಳಿದ:

"ಸಾಹೇಬ್ರ, ಮೂವತ್ತ ಕೇಳಬ್ಯಾಡ್ರಿ. ಈ ಗಾಡಿ ಇಪ್ಪತ್ತೈದರ ಮ್ಯಾಲ ಹೋದ್ರ ಬಾಗಲಾ ಕಳಚತಾವು. ನೀವ ಉತ್ತರಾ ಸ್ವಲ್ಪ ಇಳಿಸಿಕೋರಿ."

ರೊಟ್ಟಿ ತಣ್ಣಗಾಗ್ತಾವು

ಬಾದಾಮಿಯ ಮೊದಲನೇ ಗುಹೆಯಲ್ಲಿ ಕುಣಿಯುವ ಶಿವನಿಗೆ ಎಷ್ಟು ತೋಳು, ಅವರೇ ಎಣಿಸಬೇಕು, ಊಟಕ್ಕೆ ಕೂಡುವ ಮೊದಲು ಹೇಳಬೇಕು ಎಂದಿದ್ದೆ. ಮಗ ಮಂಗಗಳನ್ನು ಎಣಿಸಿದ. ಮಗಳು ಶಿವನ ಮುಂದೆ ಬಹಳ ಹೊತ್ತು ನಿಂತಿದ್ದಳು.

ಊಟಕ್ಕೆ ಬನಶಂಕರಿಗೆ ಬಂದೆವು. ಹೊಂಡದ ದಂಡೆಯಲ್ಲಿ ಬುಟ್ಟಿ ಇಟ್ಟುಕೊಂಡು ರೊಟ್ಟಿ, ಕಾಳಪಲ್ಲೆ, ಮೊಸರು ಮಾರುವ ಹೆಣ್ಣುಮಗಳ ಮುಂದೆ ಕೂತೆವು. ಅವಳು ಎಲೆಯ ಮೇಲೆ ರೊಟ್ಟಿ ಇಟ್ಟಳು. ನಾನು ಕೈ ಅಡ್ಡ ಹಿಡಿದೆ. "ಮೊದಲ ಉತ್ತರ. ಶಿವನಿಗೆ ಎಷ್ಟು ತೋಳು?"

ಮಗ ರೊಟ್ಟಿ ನೋಡಿದ. ಮಗಳು ಬಾಯಿ ತೆರೆಯುತ್ತಿದ್ದಳು.

"ಹದಿನೆಂಟಂತ ಹೇಳಬಾರದಾ ತಂಗೀ" ಎಂದಳು ಆ ಹೆಣ್ಣುಮಗಳು, "ರೊಟ್ಟಿ ತಣ್ಣಗಾಗ್ತಾವು!"

"ಹದಿನೆಂಟು" ಎಂದರು ಇಬ್ಬರೂ.

"ನಾ ಖರೇನ ಎಣಿಸಿದ್ನಿರಿ ಅಪ್ಪಾಜಿ" ಎಂದಳು ಮಗಳು. ಅವಳ ಕಣ್ಣಲ್ಲಿ ನೀರಿತ್ತು. "ಎರಡ ಸಲ ಎಣಿಸೇನಿ."

"ಎಣಿಸಿರಬಹುದು. ಈಗ ತಿಳಿಯೂದು ಹ್ಯಾಂಗ?"

ಅವಳು ರೊಟ್ಟಿ ಮುರಿಯಲೇ ಇಲ್ಲ. ರೊಟ್ಟಿಯವಳು ನನ್ನನ್ನು ಮೇಲಿನಿಂದ ಕೆಳಗೆ ನೋಡಿ, ಮಗಳ ಎಲೆಗೆ ಇನ್ನಷ್ಟು ಮೊಸರು ಸುರಿದು ಹೇಳಿದಳು: "ಉಣ್ಣು ನನ್ನವ್ವಾ. ಶಿವಗ ಹದಿನೆಂಟ ಕೈ ಇದ್ರೂ ಹಿಂಗ ಒಂದನ್ನೂ ಅಡ್ಡ ಹಿಡದಿಲ್ಲ."

ತಪಾಸಣೆ

ಮಕ್ಕಳನ್ನು ಮನೆಯಲ್ಲಿ ಕೂಡಿಹಾಕಿದ್ದಾರೆಂದು ಯಾರೋ ಹೇಳಿದ್ದರಿಂದ ಸಾಲಿ ತಪಾಸಣೆಯ ಅಧಿಕಾರಿಯೊಬ್ಬರು ಬಂದರು. ಕೊನೆಗೂ ನಿಯಮ ಬಲ್ಲವರೊಬ್ಬರು ಬಂದರಲ್ಲ ಎಂದು ನನಗೆ ಸಮಾಧಾನ. ಮಗಳು ಬಿಗಿಯಾಗಿ ಹೆಣೆದ ಜಡೆಯಲ್ಲಿ ಮುಂಜಾನೆಯಿಂದಲೇ ತಯಾರಾಗಿ ನಿಂತಿದ್ದಳು.

ಚಹಾ ಬಂತು. ಅವರು ಮಗನನ್ನು ಕೇಳಿದರು: "ಸೂರ್ಯ ಯಾವ ದಿಕ್ಕಿಗೆ ಹುಟ್ಟತಾನಪಾ?"

ಮಗ ಮೇಲೆ ನೋಡಿದ. "ನಮ್ಮನ್ಯಾಗ ಗವಾಕ್ಷ್ಯಾಗಿಂದ ಬರತಾನ್ರಿ."

ಅವರು ಬಸಿಯಲ್ಲಿದ್ದ ಚಹಾ ನೋಡಿಕೊಂಡರು. "ಪೂ... ಪೂ... ಪೂರ್ವಕ್ಕ ಅಲ್ಲೇನು?"

"ಹೌದ್ರಿ."

"ಶಾಣ್ಯಾ ಅದಾನ್ರಿ ಹುಡುಗ!"

"ಉತ್ತರ ನೀವೇ ಹೇಳಿದಿರಿ" ಎಂದೆ.

"ಒಪ್ಪಿಕೊಂಡನಲ್ರಿ! ನಮ್ಮ ಕಡೆ ಒಪ್ಪಿಕೊಳ್ಳೋ ಹುಡುಗ್ರೂ ಭಾಳ ಕಡಿಮಿ."

ಮಗಳು ಮುಂದೆ ಬಂದಳು. "ನನ್ನ ಏನೂ ಕೇಳೂದಿಲ್ಲೇನ್ರಿ?"

"ತಮ್ಮಗ ಇಷ್ಟ ಬರತೈತಿ ಅಂದ ಮ್ಯಾಲ ನಿನ್ನ ಏನ ಕೇಳೂದವಾ?" ಎಂದು ಚಹಾ ಮುಗಿಸಿ, ಚಪ್ಪಲಿ ಮೆಟ್ಟಿಕೊಂಡು ಹೋದರು. ಅವಳು ಆ ದಿನ ಸಂಜೆಯವರೆಗೆ ಜಡೆ ಬಿಚ್ಚಲಿಲ್ಲ.

ಕಿಟಕಿ

ಜೂನ್ ಬಂತು. ಬಾಗಲಕೋಟೆಗೆ ನಾನು ಮಗಳೊಬ್ಬಳನ್ನೇ ಕರೆದೊಯ್ಯುವವನಿದ್ದೆ. ಹೈಸ್ಕೂಲಿನ ಬೇವಿನ ಗಿಡದ ಕೆಳಗೆ ನಿಂತು ಎಣಿಸಿದರೆ ಅವ್ವ, ಹೆಂಡತಿ, ಮಗ ಎಲ್ಲರೂ ಇದ್ದರು. ನೂಲು ತರುವ ನೆಪದಲ್ಲಿ ನೇಕಾರನೂ ಇದ್ದ.

ಹೆಡ್‌ಮಾಸ್ತರರ ಕೋಣೆಯ ಕಿಟಕಿ ಬೇವಿನ ಗಿಡದ ಕಡೆಗೇ ತೆರೆದಿತ್ತು. ಪರೀಕ್ಷೆ ಬಾಯಿಂದಲೇ. ನಾನು ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಹೇಳಿದೆ: "ಇವತ್ತ ಒಬ್ಬರ ಉಸಿರೂ ಕೇಳಬಾರದು. ದೇವರ ಕೂಡ ಮಾತಿಲ್ಲ. ಡಬ್ಬಿ ಇಲ್ಲ. ಏನೂ ಬಡಿಯೂದಿಲ್ಲ."

"ಆತ್ರಿ ಸಾಹೇಬ್ರ" ಎಂದು ನೇಕಾರ ಎರಡೂ ಕೈ ಬಗಲಿಗೆ ಸಿಕ್ಕಿಸಿಕೊಂಡ. ಅವ್ವ ಸೆರಗನ್ನು ಬಾಯಿಗೆ ಒತ್ತಿ ಹಿಡಿದಳು. ಕಾವಲಿಗೆಂದು ನಾನು ಕಿಟಕಿಯ ಹತ್ತಿರ ನಿಂತೆ.

ಚರಿತ್ರೆ ಮುಗಿಯಿತು, ಭೂಗೋಳ ಮುಗಿಯಿತು. ಹೆಡ್‌ಮಾಸ್ತರರು ಕೊನೆಗೆ ಕೇಳಿದರು: "ಒಂದ ಕೆಲಸಾ ಆರು ಮಂದಿ ಹನ್ನೆರಡು ದಿನದಾಗ ಮುಗಸತಾರ. ಎಂಟು ಮಂದಿಗೆ ಎಷ್ಟ ದಿನಾ ಬೇಕು? ಇದೊಂದ ಹೇಳು, ನಿನ್ನ ಹೆಸರು ಹಚ್ಚಿಬಿಡತೇನಿ."

ಮಗಳು ಸುಮ್ಮನೆ ನಿಂತಳು. ಸುಮ್ಮನೆ ನಿಂತೇ ಇದ್ದಳು. ಹಿಂದೆ ಅವ್ವನ ಗಂಟಲಲ್ಲಿ ಏನೋ ಮಿಸುಕಿತು, ನಾನು ತಿರುಗಿ ಕಣ್ಣು ಬಿಟ್ಟೆ. ಹೆಂಡತಿ, ಹೆಡ್ಮಾಸ್ತರರನ್ನು ಏನೋ ನೆಪಕ್ಕೆ ಹೊರಗೆ ಕರೆಸುವವಳಂತೆ, ಬಾಗಿಲಲ್ಲಿ ಕೂತಿದ್ದ ಸಿಪಾಯಿಯ ಕಡೆ ನೋಡಿದಳು, ಅವಳಿಗೂ ಕಣ್ಣು ಬಿಟ್ಟೆ. ನೇಕಾರ ಬಗಲಿನಿಂದ ಒಂದು ಕೈ ಹೊರತೆಗೆದು ಮತ್ತೆ ಸಿಕ್ಕಿಸಿಕೊಂಡ. ಒಳಗೆ ಹೆಡ್‌ಮಾಸ್ತರರು ಮೇಜಿನ ಮೇಲೆ ಪೆನ್ನು ಹೊರಳಿಸಿದರು.

ನಾನು ಎರಡೂ ಕೈಗಳಿಂದ ಕಿಟಕಿಯ ಕಂಬಿ ಹಿಡಿದಿದ್ದೆ, ಅಷ್ಟೇ. ಯಾವ ತಂದೆಯೂ ಹಿಡಿಯುತ್ತಾನೆ. ಹಾಗೆ ಹಿಡಿದಾಗ ಹತ್ತು ಬೆರಳೂ ಒಳಗಿನವರಿಗೆ ಕಾಣುವುದು ಸಹಜ. ಅದರಲ್ಲಿ ಒಂದು ಬೆರಳು ಯಾವಾಗ ಮಡಚಿಕೊಂಡಿತೋ ನನಗೆ ತಿಳಿಯದು.

ಮಗಳು ತಲೆ ಎತ್ತಿದಳು. ಕಂಬಿ ನೋಡಿದಳು. ಕಂಬಿಯ ಮೇಲಿನ ಒಂಬತ್ತು ಬೆರಳು ನೋಡಿದಳು. ಆಮೇಲೆ ನನ್ನ ಮುಖ ನೋಡಿದಳು.

"ಸರ್, ಒಂದ ನಿಮಿಷ ತಡೀರಿ" ಎಂದು ಹೆಡ್‌ಮಾಸ್ತರರಿಗೆ ಹೇಳಿ ಕಿಟಕಿಯ ಹತ್ತಿರ ನಡೆದು ಬಂದಳು.

"ನನಗ ಬರತೈತ್ರಿ ಅಪ್ಪಾಜಿ" ಎಂದಳು ಮೆಲ್ಲಗೆ. "ಇನ್ನೊಮ್ಮೆ ತಾಳೆ ನೋಡಾಕತ್ತಿದ್ನಿ. ಬೆರಳ ತಗೀರಿ, ಸಿಕ್ಕೊಂಡಾವು."

ನಾನು ಬೆರಳು ತೆಗೆದೆ. ಅವಳು ಎರಡೂ ಕದಗಳನ್ನು ಎಳೆದು ಮುಚ್ಚಿ, ಒಳಗಿನಿಂದ ಚಿಲಕ ಹಾಕಿದಳು.