ಯಾರ ಕಡೆಯೂ ಇಲ್ಲದ ವಾರಪತ್ರಿಕೆ

ಪತ್ರಿಕೆಯಲ್ಲಿ ಕೆಲಸ ಮಾಡುವವನಿಗೆ ನಮ್ಮ ಊರಲ್ಲಿ ಎರಡು ಪ್ರಶ್ನೆ ತಪ್ಪಿದ್ದಲ್ಲ. ಒಂದು, ಊಟ ಆತಾ? ಇನ್ನೊಂದು, ನಿಮ್ಮದು ಯಾವ ಪಕ್ಷ? ಮೊದಲನೆಯದಕ್ಕೆ ಸುಳ್ಳು ಹೇಳಿದರೂ ನಂಬುತ್ತಾರೆ. ಎರಡನೆಯದಕ್ಕೆ ನಿಜ ಹೇಳಿದರೂ ನಂಬುವುದಿಲ್ಲ.

ಚುನಾವಣೆ ಅನ್ನುವುದು ಇನ್ನೂ ಹೊಸ ಅಳಿಯನ ಹಾಗೆ ಮನೆಮನೆಯಲ್ಲಿ ಮರ್ಯಾದೆ ಮಾಡಿಸಿಕೊಳ್ಳುತ್ತಿದ್ದ ಕಾಲದಲ್ಲಿ ನಾನು ದಾವಣಗೆರೆಯ ಒಂದು ಸುದ್ದಿ ವಾರಪತ್ರಿಕೆಯಲ್ಲಿದ್ದೆ. ಹೆಸರಿಗೆ ಉಪಸಂಪಾದಕ. ವರದಿ ಬರೆಯುವವನೂ ನಾನೇ, ಪ್ರೂಫು ತಿದ್ದುವವನೂ ನಾನೇ, ಬಂದವರ ಕೈಲಿ ಬೈಸಿಕೊಳ್ಳುವವನಂತೂ ನಾನೇ. ಮಾಲೀಕರೂ ಸಂಪಾದಕರೂ ಆಗಿದ್ದ ನಮ್ಮ ಯಜಮಾನರು ಮೊದಲ ಸಂಚಿಕೆಯಲ್ಲೇ ‘ನಾವು ಯಾರ ಕಡೆಯೂ ಇಲ್ಲ’ ಎಂದು ದಪ್ಪಕ್ಷರದಲ್ಲಿ ಹಾಕಿಬಿಟ್ಟರು. ಎಡವಟ್ಟಾಗಿದ್ದೇ ಅಲ್ಲಿ. ಯಾರ ಕಡೆಯೂ ಇಲ್ಲ ಅಂದರೆ ಎದುರಿನವರ ಕಡೆ ಎಂದು ಎರಡೂ ಪಕ್ಷದವರು ಓದಿಕೊಂಡರು.

ಮಸಿ

ಆಗ ಫೋಟೋ ಅಚ್ಚಾಗಬೇಕಾದರೆ ಲೋಹದ ಬ್ಲಾಕು ಬೇಕು. ಅದನ್ನು ಬೆಂಗಳೂರಿನಲ್ಲಿ ಮಾಡಿಸಿ ತರಿಸಬೇಕು. ಆಳುವ ಪಕ್ಷದ ಅಭ್ಯರ್ಥಿಯ ಬ್ಲಾಕು ನಮ್ಮಲ್ಲಿ ಹಳೆಯದೊಂದಿತ್ತು. ಎಷ್ಟೋ ಸನ್ಮಾನಗಳ ಸುದ್ದಿಗೆ ಬಳಸಿ ಸವೆದುಹೋಗಿತ್ತು. ಎದುರು ಪಕ್ಷದ ಅಭ್ಯರ್ಥಿಯದು ಹೊಚ್ಚ ಹೊಸದು. ಇಬ್ಬರಿಗೂ ಅನ್ಯಾಯ ಆಗಬಾರದೆಂದು ಅಕ್ಕಪಕ್ಕ ಕೂರಿಸಿ ಅಚ್ಚು ಹಾಕಿದೆವು. ಹೊಸ ಬ್ಲಾಕಿನವರು ಮದುವೆ ಗಂಡಿನ ಹಾಗೆ ಮೂಡಿದರು. ಹಳೆ ಬ್ಲಾಕಿನವರ ಮುಖದಲ್ಲಿ ಕಣ್ಣು ಯಾವುದು ಮೀಸೆ ಯಾವುದು ತಿಳಿಯದಷ್ಟು ಮಸಿ ತುಂಬಿಕೊಂಡಿತು.

ಬೆಳಗಾಗುತ್ತಲೇ ಅವರ ಕಾರ್ಯಕರ್ತ ಪತ್ರಿಕೆ ಝಾಡಿಸುತ್ತಾ ಬಂದ.

“ನಮ್ಮ ಸಾಹೇಬ್ರ ಮುಖಕ್ಕೆ ಮಸಿ ಬಳದೀರೇನ್ರಿ?”

“ಬಳದಿಲ್ಲಪ್ಪ. ಬ್ಲಾಕು ಸವದೈತೆ.”

“ಅಂದ್ರೆ ನಮ್ಮ ಸಾಹೇಬ್ರು ಸವದಾರೆ ಅಂತೀರಾ?”

ಇವನ ಹತ್ತಿರ ವಾದ ಬೇಡವೆಂದು ಮುಂದಿನ ವಾರ ಮಸಿ ಕಡಿಮೆ ಹಚ್ಚಿಸಿ ಅದೇ ಫೋಟೋ ಮತ್ತೆ ಹಾಕಿಸಿದೆ. ಈ ಸಲ ಮುಖವೆಲ್ಲ ಹಾರಿಹೋಗಿ, ಕೋಟು ಮತ್ತು ರುಮಾಲು ಮಾತ್ರ ಮೂಡಿದವು. ಅಭ್ಯರ್ಥಿಯೇ ಖುದ್ದಾಗಿ ಬಂದರು. ಸಿಟ್ಟು ಮಾಡಲಿಲ್ಲ ಪಾಪ, ಸುಸ್ತಾಗಿ ಕೂತರು.

“ಹೋದ ವಾರ ಮಸಿ ಹಚ್ಚಿದ್ರಿ, ತಡಕಂಡೆ. ಈ ವಾರ ಮುಖಾನೇ ತಗದೀರಿ. ಜನ ವೋಟು ನನಗೆ ಹಾಕ್ಬೇಕೋ, ನನ್ನ ರುಮಾಲಿಗೆ ಹಾಕ್ಬೇಕೋ, ಅದಾದ್ರೂ ಬರೀರಿ.”

ಗೇಣು

ಎದುರು ಪಕ್ಷದ ಮುಖಂಡರೊಬ್ಬರಿಗೆ ಬಟ್ಟೆ ಅಂಗಡಿ. ದಿನಾ ಬಟ್ಟೆ ಅಳೆದು ಹರಿದು ಅಭ್ಯಾಸವಾದ ಕೈ. ಅವರು ನಮ್ಮ ಪತ್ರಿಕೆಯನ್ನು ಓದುತ್ತಿರಲಿಲ್ಲ, ಅಳೆಯುತ್ತಿದ್ದರು. ಒಂದು ದಿನ ನನ್ನ ಮೇಜಿನ ಮೇಲೆ ಪತ್ರಿಕೆ ಹಾಸಿ, ಹೆಬ್ಬೆರಳು ಕಿರುಬೆರಳು ಅಗಲಿಸಿ ತೋರಿಸಿದರು.

“ನೋಡ್ರಿ, ಆಳೋರ ಸುದ್ದಿ ಎರಡು ಗೇಣು ಐತೆ. ನಮ್ದು ನಾಕು ಬೆರಳು. ಇದಕ್ಕೆ ಪಕ್ಷಪಾತ ಅನ್ನದೆ ಏನಂತಾರ್ರೀ?”

“ಸ್ವಲ್ಪ ಓದ್ರಿ ಅಣ್ಣಾರೆ. ಅದು ಪೂರ್ತಿ ಅವರನ್ನ ಬೈದಿರೋದು. ನಳ ಹಾಕಿಸ್ತೀವಿ ಅಂತ ಹೇಳಿ ಹಾಕಿಸ್ಲಿಲ್ಲ ಅಂತ ಬರದೀನಿ. ನಿಮ್ಮ ನಾಕು ಬೆರಳು ಹೊಗಳಿರೋದು.”

ಅವರು ಕನ್ನಡಕ ಹಾಕಿಕೊಂಡು, ನಿಂತೇ ಎರಡೂ ಗೇಣು ಓದಿದರು. ನಡುವೆ ಎರಡು ಸಲ ನಕ್ಕರು ಕೂಡ. ಸದ್ಯ, ಗಂಡಾಂತರ ಕಳೀತು ಅಂದುಕೊಂಡೆ. ಕನ್ನಡಕ ತೆಗೆದು ಜೇಬಿಗಿಟ್ಟು ಹೇಳಿದರು:

“ಬೈದೀರಿ, ಒಪ್ಪಿದೆ. ಆದ್ರೆ ಎರಡು ಗೇಣು ಬೈಸ್ಕೊಳ್ಳೋ ಯೋಗ್ಯತೆ ಅವರಿಗೊಬ್ರಿಗೇನಾ ಇರೋದು? ಮುಂದಿನ ವಾರ ನಮ್ಮನ್ನೂ ಅಷ್ಟೇ ಉದ್ದ ಬೈರಿ!”

ಹರಿಹರದ ಎರಡು ಸಭೆ

ಹರಿಹರದಲ್ಲಿ ಒಂದೇ ಸಂಜೆ ಎರಡೂ ಪಕ್ಷದ ಸಭೆ ಇಟ್ಟುಕೊಂಡಿದ್ದರು. ಆಳುವವರದು ಪೇಟೆಯಲ್ಲಿ ಮೊದಲು, ಎದುರಿನವರದು ಹೊಳೆ ಕಡೆ ಆಮೇಲೆ. ಕಳಿಸಲು ಇನ್ನೊಬ್ಬ ವರದಿಗಾರ ಇದ್ದರೆ ತಾನೆ? ಎರಡಕ್ಕೂ ನಾನೇ ಹೋದೆ.

ಪೇಟೆಯ ಸಭೆ ಕಿಕ್ಕಿರಿದಿತ್ತು. ಅದು ಮುಗಿದ ಕೂಡಲೇ ಹೊಳೆ ಕಡೆ ಓಡೋಣವೆಂದರೆ ದಾರಿ ಇಲ್ಲ. ಸಭೆಗೆ ಸಭೆಯೇ ನನ್ನ ಜೊತೆ ನಡೆದು ಬರುತ್ತಿತ್ತು. ಮಂಡಕ್ಕಿ ಮೆಣಸಿನಕಾಯಿ ಮಾರುವವನೂ ಗಾಡಿ ತಳ್ಳಿಕೊಂಡು ಬರುತ್ತಿದ್ದ. ಪಕ್ಕದಲ್ಲಿದ್ದ ರೈತನನ್ನು ಕೇಳಿದೆ:

“ಇದೇನಪ್ಪ, ನೀವು ಆ ಕಡೆಯೋರಲ್ವಾ?”

“ನಂದಿಗುಡಿಯಿಂದ ಬಸ್ಸು ಹಿಡ್ದು ಬಂದೀವ್ರಿ. ಒಂದೇ ನೋಡ್ಕೊಂಡು ಹೋದ್ರೆ ಗಿಟ್ಟುತ್ತಾ?”

ನಾನು ಕಂಡದ್ದನ್ನು ಕಂಡ ಹಾಗೆ ಬರೆದೆ. ಎರಡೂ ಸಭೆಗೆ ಭಾರೀ ಜನ, ಎರಡೂ ಕಡೆ ಸಮನಾಗಿ. ಪತ್ರಿಕೆ ಹೊರಬಿದ್ದದ್ದೇ ತಡ, ಎರಡೂ ಪಕ್ಷದವರು ಹರಿಹರದಿಂದ ಒಂದೇ ಬಸ್ಸಿನಲ್ಲಿ ಜಗಳಾಡುತ್ತಾ ಬಂದಿಳಿದರು. ಅವರಿಗೂ ನಮಗೂ ಹೆಂಗ್ರೀ ಸಮ ಆಗುತ್ತೆ ಎಂದು ಎದುರಿನವರು, ನಮ್ಮ ಜನಾನ ಅವರಿಗೆ ಕಡ ಕೊಟ್ಟೀರಾ ಎಂದು ಆಳುವವರು. ಎರಡೂ ಕಡೆ ಇದ್ದದ್ದು ಅದೇ ಜನ ಅಂದರೆ ಯಾರೂ ಕೇಳಲೊಲ್ಲರು. ಕೊನೆಗೆ ಅವರೇ ಒಂದು ಉಪಾಯ ಹುಡುಕಿದರು. ಮಂಡಕ್ಕಿಯವನು ಎರಡೂ ಸಭೆಯಲ್ಲಿ ಇದ್ದವನು, ಯಾವ ಪಕ್ಷಕ್ಕೂ ಸೇರಿದವನಲ್ಲ, ಅವನನ್ನೇ ಕೇಳೋಣ. ಮತ್ತೆ ಬಸ್ಸು ಹತ್ತಿ ಎಲ್ಲರೂ ಹರಿಹರಕ್ಕೆ ಹೋದೆವು.

ಅವನು ಮೆಣಸಿನಕಾಯಿ ಎಣ್ಣೆಗೆ ಬಿಡುತ್ತಾ ಯೋಚಿಸಿದ. “ಎರಡನೇ ಸಭೆಯಾಗ ವ್ಯಾಪಾರ ಆಗ್ಲೇ ಇಲ್ರಿ,” ಅಂದ.

ಆಳುವವರ ಎದೆ ಉಬ್ಬಿತು. “ಕೇಳಿದ್ರಾ? ಅಲ್ಲಿ ಜನಾನೇ ಇರ್ಲಿಲ್ಲ!”

“ಜನ ಇದ್ರು ಬಿಡ್ರಿ,” ಅಂದ ಅವನು. “ಎಲ್ರೂ ಮೊದ್ಲನೇ ಸಭೆಯಾಗೇ ತಿಂದು ಬಂದಿದ್ರು.”

ತೀರ್ಪು

ಈ ರಗಳೆಯಿಂದ ರೋಸಿಹೋದ ಯಜಮಾನರು, ಪಿ.ಜೆ. ಬಡಾವಣೆಯಲ್ಲಿದ್ದ ನಿವೃತ್ತ ಹೆಡ್‌ಮಾಸ್ತರರಿಗೆ ಪತ್ರಿಕೆಯ ಸಂಚಿಕೆಗಳನ್ನು ಕೊಟ್ಟು, ಪಕ್ಷಪಾತ ಇದೆಯೋ ಇಲ್ಲವೋ ನೀವೇ ಹೇಳಿ ಎಂದು ಕೇಳಿಕೊಂಡರು. ಎರಡೂ ಪಕ್ಷದ ಮುಖಂಡರು ಚಿಕ್ಕಂದಿನಲ್ಲಿ ಅವರ ಕೈಲಿ ಕಿವಿ ಹಿಂಡಿಸಿಕೊಂಡವರೇ. ಆದ್ದರಿಂದ ಇಬ್ಬರೂ ಬಾಯಿ ಮುಚ್ಚಿಕೊಂಡು ಒಪ್ಪಿದರು.

ತೀರ್ಪು ತರಲು ನಾನು ಹೋದೆ. ಪತ್ರಿಕೆಯ ತುಂಬ ಕೆಂಪು ಶಾಯಿ.

“ಕೂಡ್ರಿ,” ಅಂದರು. ಕೂತೆ. “ಬಾಳ ಕಣ್ಣಿಟ್ಟು ನೋಡಿದೆ. ನಿಮ್ಮ ಪತ್ರಿಕೆಯಲ್ಲಿ ಪಕ್ಷಪಾತ ಇಲ್ಲ.”

ಎದ್ದು ಕಾಲಿಗೆ ಬೀಳೋಣ ಅನ್ನಿಸಿತು. “ಹೆಂಗೆ ಗೊತ್ತಾತು ಸಾರ್?”

“ಆಳೋರ ಹೆಸರಲ್ಲಿ ಒತ್ತಕ್ಷರ ತಪ್ಪು. ಎದುರಿನೋರ ಹೆಸರಲ್ಲಿ ದೀರ್ಘ ತಪ್ಪು. ಅವರ ಭಾಷಣವೂ ಅರ್ಥ ಆಗಲ್ಲ, ಇವರ ಭಾಷಣವೂ ಅರ್ಥ ಆಗಲ್ಲ. ಪಕ್ಷಗಳಿಗೆ ಏನೂ ಅನ್ಯಾಯ ಆಗಿಲ್ಲಪ್ಪ. ಅನ್ಯಾಯ ಆಗಿರೋದು ಕನ್ನಡಕ್ಕೆ ಮಾತ್ರ.”

ಈ ತೀರ್ಪನ್ನು ಅಚ್ಚು ಹಾಕುವ ಧೈರ್ಯ ನಮಗೆ ಬರಲಿಲ್ಲ.

ಧಾರಣೆ

“ಈ ವಾರ ರಾಜಕೀಯ ಬ್ಯಾಡವೇ ಬ್ಯಾಡ. ಬರೀ ಪೇಟೆ ಧಾರಣೆ ಹಾಕು,” ಅಂದರು ಯಜಮಾನರು. ಹತ್ತಿ, ಶೇಂಗಾ, ಜೋಳ, ಬೆಲ್ಲ ಎಂದು ಪುಟ ತುಂಬಿಸಿದೆ. ನಮ್ಮ ಸುದ್ದಿ ಮುಚ್ಚಿಹಾಕೀರಿ ಎಂದು ಎರಡೂ ಪಕ್ಷದವರು ಬಂದರು. ಅದು ನಿರೀಕ್ಷೆ ಇದ್ದದ್ದೇ. ಶೇಂಗಾ ವ್ಯಾಪಾರಿ ಬರುತ್ತಾರೆಂದು ಮಾತ್ರ ಅಂದುಕೊಂಡಿರಲಿಲ್ಲ.

“ಹತ್ತಿ ಮ್ಯಾಲೆ, ಶೇಂಗಾ ಕೆಳಗೆ. ಯಾಕ್ರೀ, ನೀವು ಹತ್ತಿ ಕಡೆಯೋರಾ?”

ನನಗೆ ತಲೆ ಚಿಟ್ಟು ಹಿಡಿಯಿತು. “ಆಗ್ಲಿ ಸಾಹುಕಾರ್ರೆ, ಇನ್ಮೇಲೆ ಮೇಲೂ ಇಲ್ಲ, ಕೆಳಗೂ ಇಲ್ಲ. ಎರಡನ್ನೂ ಒಂದೇ ಸಾಲಲ್ಲಿ ಹಾಕ್ತೀನಿ.”

“ಹಾಕ್ರಿ, ನ್ಯಾಯ ಅಂದ್ರೆ ಅದು,” ಅಂದರು. ಹೊಸ್ತಿಲು ದಾಟಿ ಮತ್ತೆ ತಿರುಗಿದರು. “ಶೇಂಗಾ ಮೊದ್ಲು.”

ಆನಗೋಡಿನ ಮಾವ

ಕೊನೆಗೆ ಯಜಮಾನರು ಎರಡೂ ಪಕ್ಷದವರನ್ನು ಕಚೇರಿಗೇ ಕರೆಸಿದರು. “ನೀವು ನೀವೇ ಕೂತು ನಮ್ಮ ಪತ್ರಿಕೆ ಯಾವ ಕಡೆ ಅಂತ ತೀರ್ಮಾನ ಮಾಡ್ರಿ. ಒಪ್ಪಿಗೆ ಆಗ್ಲಿಲ್ಲ ಅಂದ್ರೆ ನಾನು ಬಾಗಿಲು ಹಾಕಿ ಊರಿಗೆ ಹೋಗ್ತೀನಿ,” ಅಂದರು. ಬಾಯಿಮಾತಿಗೆ ಅಂದದ್ದಲ್ಲ, ಮುಖ ನೋಡಿದರೇ ಗೊತ್ತಾಗುತ್ತಿತ್ತು. ಬಾಗಿಲು ಹಾಕಿದರೆ ನನ್ನ ಗತಿ ಏನು ಎಂದು ನಾನು ಗೋಡೆಗೆ ಒರಗಿ ನಿಂತಿದ್ದೆ.

ಮಾತು ಮಾತಿಗೆ ಹತ್ತಿಕೊಂಡಿತು. ಈ ಪತ್ರಿಕೆ ಪೂರ್ತಿ ಎಡಕ್ಕೆ ವಾಲಿದೆ, ಗಿರಣಿ ಕಾರ್ಮಿಕರ ಮುಖವಾಣಿ ಆಗಿದೆ ಎಂದು ಆಳುವವರು. ಛೇ, ಪೂರ್ತಿ ಬಲಕ್ಕೆ ವಾಲಿದೆ, ಸಾಹುಕಾರರ ಮಾತು ಬಿಟ್ಟು ಬೇರೆ ಬರೆಯಲ್ಲ ಎಂದು ಎದುರಿನವರು. ಯಜಮಾನರು ಬೇಸತ್ತು, ಬಾಯ್ತುಂಬ ಎಲೆ ಅಡಿಕೆ ಹಾಕಿಕೊಂಡು, ಒಂದು ಕೈ ಜೋತುಬಿಟ್ಟು ಕುರ್ಚಿಗೆ ಒರಗಿಬಿಟ್ಟಿದ್ದರು.

ಅಷ್ಟರಲ್ಲಿ ಆನಗೋಡಿನಿಂದ ಅವರ ಸೋದರಮಾವ ಬಂದರು. ವಯಸ್ಸಾದವರು, ಕಿವಿ ಸ್ವಲ್ಪ ಮಂದ. ಒಂದು ಕೈಯಲ್ಲಿ ಎಣ್ಣೆಯ ಸೀಸೆ, ಇನ್ನೊಂದರಲ್ಲಿ ಪಾರಿವಾಳ ಇದ್ದ ಬುಟ್ಟಿ. ಆಮೇಲೆ ತಿಳಿದದ್ದು ಇಷ್ಟು. ಆನಗೋಡಿನಲ್ಲಿ ದಾವಣಗೆರೆ ಬಸ್ಸಿನಿಂದ ಇಳಿದ ಯಾರೋ, ನಿಮ್ಮ ಅಳಿಯನಿಗೆ ಪಕ್ಷಪಾತ ಜಾಸ್ತಿ ಆಗೈತೆ, ಊರೆಲ್ಲ ಅದೇ ಮಾತು ಅಂದಿದ್ದಾರೆ. ಮುದುಕರಿಗೆ ಅದು ಪಕ್ಷವಾತ ಎಂದು ಕೇಳಿಸಿದೆ. ಲಕ್ವಕ್ಕೆ ಪಾರಿವಾಳದ ರಕ್ತ ತಿಕ್ಕಬೇಕು ಎಂಬ ನಂಬಿಕೆಯಿಂದ ಹಕ್ಕಿ ಹಿಡಿದುಕೊಂಡೇ ಬಂದಿದ್ದಾರೆ.

ಜೋತುಬಿದ್ದ ಕೈ ಕಂಡದ್ದೇ, “ಅಯ್ಯೋ ನನ್ನಪ್ಪಾ, ಏನಾತೋ!” ಎಂದು ಬುಟ್ಟಿ ಕೆಳಗಿಟ್ಟರು. ಯಜಮಾನರು ಗಾಬರಿಯಾಗಿ, ರಸ ಚೆಲ್ಲಬಾರದೆಂದು ಬಾಯಿ ಒಂದು ಕಡೆ ಸೊಟ್ಟ ಮಾಡಿಕೊಂಡು “ಊಂ ಊಂ” ಅಂದರು.

“ಬಾಯಿ ವಾರೆ ಆಗೈತೆ, ಮಾತೂ ಬಿದ್ದೈತೆ!” ಮುದುಕರು ಅಳುತ್ತಾ ನಮ್ಮ ಕಡೆ ತಿರುಗಿದರು. “ಬೇಗ ಹೇಳ್ರಪ್ಪ, ಯಾವ ಕಡೆ? ಎಡಕ್ಕೋ, ಬಲಕ್ಕೋ?”

ಜಗಳದ ಬಿಸಿಯಲ್ಲಿದ್ದ ಆಳುವವರು ಒಂದೇ ಗಂಟಲಲ್ಲಿ ಕೂಗಿದರು: “ಎಡಕ್ಕೆ!”

“ಸುಳ್ಳು! ಬಲಕ್ಕೆ!” ಅಂದರು ಎದುರಿನವರು.

ಮುದುಕರು ಅಲ್ಲೇ ಕುಸಿದು ಕೂತರು. “ಶಿವನೇ, ಎರಡೂ ಕಡೆ ಹೋಗೇತೇನ್ರೋ!”

ಯಜಮಾನರು ಎದ್ದು ಬಾಗಿಲಾಚೆ ಓಡಿ ಉಗುಳಿ, ಬಾಯಿ ಒರೆಸಿಕೊಂಡು ಬಂದು, “ಮಾವ, ನನಗೆ ಏನೂ ಆಗಿಲ್ಲ” ಅಂದರು. ಕೋಣೆಯೆಲ್ಲ ನಗು. ಎರಡೂ ಪಕ್ಷದವರು ಹೊಟ್ಟೆ ಹಿಡಿದುಕೊಂಡು, ಒಬ್ಬರ ಹೆಗಲ ಮೇಲೊಬ್ಬರು ಕೈ ಹಾಕಿ ದೋಸೆ ತಿನ್ನಲು ಹೋದರು. ತೀರ್ಮಾನದ ಮಾತು ಅಲ್ಲಿಗೇ ಬಿತ್ತು, ನನ್ನ ಕೆಲಸ ಉಳಿಯಿತು.

ನಾನು ಮುದುಕರನ್ನು ಬಸ್ಸು ಹತ್ತಿಸಲು ಹೋದೆ. ದಾರಿಯುದ್ದಕ್ಕೂ ವಿವರಿಸಿದೆ: ಅದು ರೋಗ ಅಲ್ಲ ಅಜ್ಜಾರೆ, ಪತ್ರಿಕೆ ವಿಚಾರ. ಅವರು ತಲೆಯಾಡಿಸುತ್ತಾ ಕೇಳಿದರು. ಬಸ್ಸು ಹತ್ತಿ, ಬುಟ್ಟಿ ತೊಡೆಯ ಮೇಲಿಟ್ಟುಕೊಂಡು, ಕಿಟಕಿಯಿಂದ ನನ್ನ ಕೈ ಹಿಡಿದು ಹೇಳಿದರು:

“ನೀನು ಏನೇ ಹೇಳಪ್ಪ. ಎಡಕ್ಕೂ ಹೋಗಿ, ಬಲಕ್ಕೂ ಹೋಗಿ, ಎದ್ದು ಓಡೋ ರೋಗೀನ ನಾನು ನೋಡಿದ್ದು ಇವತ್ತೇ!”